ಬಂಗಾರೆವ್ವ ಕೊಟ್ಟ ಬಾಯಿತುತ್ತು

ಮೂರನೆಯ ಕೊಲ್ಹಾರ, ಹಿನ್ನೀರಿನ ದಂಡೆ
ಇಸವಿ ೨೪೧೬, ಬಿಸಿಲುಮಾಸ, ತಾರೀಖು ೩೨

ನನಗಿಂತ ಮೊದಲು ಹುಟ್ಟಿ, ನನಗಿಂತ ಚೆನ್ನಾಗಿ ಉಂಡು ಹೋದ ಹಿರಿಯರಿಗೆ ಹಂಪವ್ವನ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು. ಬೇಸಿಗೆ ನಿಮ್ಮ ಲೆಕ್ಕಕ್ಕೆ ಸಿಗದಷ್ಟು ಬೆಳೆದ ಮೇಲೆ ನಮ್ಮ ಹಿರಿಯರು ಉಳಿದ ತಿಂಗಳುಗಳಿಂದ ಒಂದಿಷ್ಟು ದಿನ ಕಿತ್ತು ಈ ಬಿಸಿಲುಮಾಸವನ್ನು ಕಟ್ಟಿದರು. ಈ ತಿಂಗಳಲ್ಲಿ ಹಗಲು ಯಾರೂ ಹೊರಗೆ ಹೋಗುವಂತಿಲ್ಲ, ಮದುವೆ ಮಾಡುವಂತಿಲ್ಲ, ಜೋರಾಗಿ ಜಗಳವನ್ನೂ ಆಡುವಂತಿಲ್ಲ. ಕಾಗದ ಬರೆಯಬಹುದು, ಹಾಗಾಗಿ ಬರೆಯುತ್ತಿದ್ದೇನೆ. ಊರಿನ ಹೆಸರಿನ ಗೊಂದಲವನ್ನೂ ಬಿಡಿಸಿಬಿಡುತ್ತೇನೆ. ಹಿನ್ನೀರಿನಲ್ಲಿ ಮುಳುಗಿದ್ದು ಮೊದಲನೆಯ ಕೊಲ್ಹಾರ, ನೀವು ಕಟ್ಟಿಕೊಂಡಿದ್ದು ಎರಡನೆಯದು, ನಾವು ಇರುವುದು ಮೂರನೆಯದು. ನನ್ನ ಬರವಣಿಗೆ ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಕಾಲದ ಕನ್ನಡವನ್ನು ಇಲ್ಲಿ ಹಿಂದಂಚೆಯ ಕಚೇರಿಯಲ್ಲಿ ಕಲಿಸುತ್ತಾರೆ. ಕಲಿಸುವ ಮೇಷ್ಟ್ರೂ ಅದನ್ನು ಮಾತಾಡಿದವರಲ್ಲ, ಓದಿದವರಷ್ಟೇ.

ಹಿಂದಂಚೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಅದು ಹೇಗೆ ಹೋಗುತ್ತದೆ ಎಂದು ನನ್ನನ್ನು ಕೇಳಬೇಡಿ. ನಿಮ್ಮ ಫೋನಿನೊಳಗೆ ಮಾತು ಹೇಗೆ ಹೋಗುತ್ತಿತ್ತು ಎಂದು ನಿಮಗೆಷ್ಟು ಗೊತ್ತಿತ್ತೋ ನನಗೂ ಅಷ್ಟೇ ಗೊತ್ತು. ಮಾತು ಮಾತ್ರ ಹೋಗುತ್ತದೆ, ವಸ್ತು ಹೋಗುವುದಿಲ್ಲ, ಉತ್ತರ ಬರುವುದಿಲ್ಲ. ಒಬ್ಬೊಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಜನ ಅದನ್ನು ಮುತ್ತಜ್ಜನಿಗೆ ಬುದ್ಧಿ ಹೇಳಲು, ಮುಗಿದುಹೋದ ಜಗಳದಲ್ಲಿ ಕೊನೆಯ ಮಾತು ತಮ್ಮದಾಗಿಸಿಕೊಳ್ಳಲು ಖರ್ಚು ಮಾಡುತ್ತಾರೆ. ತೀರಿಹೋದ ನನ್ನ ಗಂಡ ತನ್ನ ಕಾಗದವನ್ನು ನಿಮ್ಮ ಕಾಲದ ಒಬ್ಬ ಕ್ರಿಕೆಟ್ ಆಟಗಾರನಿಗೆ ಬರೆದು, ನೀನು ಔಟಾಗುವ ಆ ಚೆಂಡನ್ನು ಹೊಡೆಯದೆ ಬಿಟ್ಟುಬಿಡಪ್ಪಾ ಎಂದು ಬೇಡಿಕೊಂಡಿದ್ದ. ಆತ ಬಿಡಲಿಲ್ಲ. ನಾನು ನನ್ನ ಕಾಗದವನ್ನು ಹೊಟ್ಟೆಕಿಚ್ಚಿಗೆ ಖರ್ಚು ಮಾಡುತ್ತಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನಾನೇನೋ ಲೋಕಕಲ್ಯಾಣದ ಮಾತು ಹೇಳುತ್ತೇನೆ ಎಂದು ನೀವು ಕಾದು ಕೂತೀರಿ.

ನನಗೆ ಇಬ್ಬರ ಮೇಲೆ ಹೊಟ್ಟೆಕಿಚ್ಚು. ನನ್ನ ತಂಗಿ ಬಂಗಾರೆವ್ವನ ಮೇಲೆ ಒಂದು, ನಿಮ್ಮ ಮೇಲೆ ಇನ್ನೊಂದು. ಮೊದಲು ನಿಮ್ಮದನ್ನೇ ತೆಗೆದುಕೊಳ್ಳುತ್ತೇನೆ. ನೀವು ಉಣ್ಣುವ ಮೊದಲು ತಟ್ಟೆಯ ಫೋಟೊ ತೆಗೆಯುತ್ತಿದ್ದ ಜನ. ಅದನ್ನು ಯಾಕೆ ತೆಗೆದಿರಿ, ಯಾರಿಗೆಂದು ಇಟ್ಟಿರಿ, ನನಗೆ ಇವತ್ತಿಗೂ ತಿಳಿದಿಲ್ಲ. ಆದರೆ ಕೋಟಿಗಟ್ಟಲೆ ಇಟ್ಟುಹೋಗಿದ್ದೀರಿ. ಬಿಳಿಜೋಳದ ರೊಟ್ಟಿ, ಅದರ ಮೇಲೆ ಕರಗುತ್ತಿರುವ ಬೆಣ್ಣೆ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆಂಪು ಚಟ್ನಿ. ಮದುವೆ ಪಂಕ್ತಿಯ ವಿಡಿಯೊಗಳಲ್ಲಿ ಅಜ್ಜಂದಿರು ಬೆರಳು ಚೀಪುವುದು, ಅದೇ ಬೆರಳಿನಿಂದ ಪಕ್ಕದ ಮೊಮ್ಮಗನ ಬಾಯಿಗೆ ಹೋಳಿಗೆ ಮುರಿದು ಇಡುವುದು, ಯಾರೂ ಯಾರನ್ನೂ ಏನೂ ಕೇಳದಿರುವುದು! ನಮ್ಮದೇ ಊರಿನ ಮೊಸರಿನ ವಿಡಿಯೊ ಕೂಡ ಇದೆ. ಗಡಿಗೆ ಬೋರಲು ಹಾಕಿದರೂ ಬೀಳದ ಮೊಸರು. ಆ ಗಡಿಗೆ ಹಿಡಿದ ಹೆಂಗಸು ಎಷ್ಟು ನಿಶ್ಚಿಂತೆಯಿಂದ ನಗುತ್ತಾಳೆಂದರೆ, ಪರದೆಯೊಳಗೆ ಕೈ ಹಾಕಿ ಅವಳ ಗಡಿಗೆ ಕಿತ್ತುಕೊಳ್ಳಬೇಕು ಅನ್ನಿಸುತ್ತದೆ. ನಮ್ಮಲ್ಲಿ ಮೊಸರಾಗುವುದಿಲ್ಲ. ಹೆಪ್ಪು ಹಾಕಿದರೆ ಹಾಲು ಹಾಲಾಗಿಯೇ ಕೂತಿರುತ್ತದೆ. ಅದರ ಕಾರಣ ಮುಂದೆ ಹೇಳುತ್ತೇನೆ.

ನಾವು ತಿನ್ನುವುದು ತೊಟ್ಟಿಯಂಬಲಿ. ಊರ ನಡುವಿನ ದೊಡ್ಡ ತೊಟ್ಟಿಗಳಲ್ಲಿ ಅದು ತಯಾರಾಗುತ್ತದೆ, ಕೊಳವೆಯಲ್ಲಿ ಮನೆಗೆ ಬರುತ್ತದೆ. ದೇಹಕ್ಕೆ ಬೇಕಾದ್ದೆಲ್ಲ ಅದರಲ್ಲಿದೆ, ರುಚಿಯೊಂದಿಲ್ಲ. ರುಚಿಗಾಗಿ ಅಂಗುಳಪಟ್ಟಿ ಇದೆ. ಬಾಯಿಯ ಮೇಲ್ಛಾವಣಿಗೆ, ಅಂದರೆ ಅಂಗುಳಿಗೆ, ಸರಿಯಾಗಿ ಕೂರುವಂತೆ ಅಳತೆ ತೆಗೆದು ಮಾಡಿದ ತೆಳುವಾದ ಪಟ್ಟಿ. ನಿಮ್ಮಲ್ಲಿ ಮುದುಕರು ಹಾಕಿಕೊಳ್ಳುತ್ತಿದ್ದ ಕಟ್ಟಿಸಿದ ಹಲ್ಲಿನ ಮೇಲುಭಾಗ ಇದ್ದಂತೆ ಇರುತ್ತದೆ. ಅದರಿಂದ ಸಿಹಿಪಾಕ ಸಣ್ಣಗೆ ಜಿನುಗುತ್ತದೆ, ಆ ಪಾಕದಲ್ಲಿ ನಿಮ್ಮ ಕಾಲದ ರುಚಿಗಳು ಸೇರಿರುತ್ತವೆ. ನಾಲಿಗೆ ಮೇಲಕ್ಕೆ ತಾಗಿಸಿದರೆ ಸಾಕು, ಅಂಬಲಿ ಎಣ್ಣೆಗಾಯಿ ಆಗುತ್ತದೆ. ಕೆಲವರು ಹಬ್ಬಕ್ಕೆ ಹಾಕಿಕೊಳ್ಳುತ್ತಾರೆ, ಕೆಲವರು ಊಟದ ಹೊತ್ತಿಗೆ. ನಾನು ಮಲಗುವಾಗಲೂ ತೆಗೆಯುತ್ತಿರಲಿಲ್ಲ. ಬಂಗಾರೆವ್ವ ಮಾತ್ರ ಜನ್ಮದಲ್ಲಿ ಪಟ್ಟಿ ಮುಟ್ಟಿದವಳಲ್ಲ. ಬರಿಯ ಅಂಬಲಿ ಕುಡಿದು, "ಏನ್ ಕಡಿಮಿ ಆಗೇತಿ ಅಕ್ಕಾ ಇದಕ್ಕ? ತಣ್ಣಗ ಇಳೀತೈತಿ," ಅನ್ನುತ್ತಾಳೆ. ಇಂಥವರ ಜೊತೆ ಒಂದೇ ಮನೆಯಲ್ಲಿ ಬೆಳೆಯುವುದು ಎಷ್ಟು ಕಷ್ಟ ಎಂದು ಬೆಳೆದವರಿಗೇ ಗೊತ್ತು.

ಈಗ ನಮ್ಮ ಬಾಯಿಯ ವಿಷಯ. ನಿಮ್ಮ ಕಾಲದ ನಂತರ, ನಮ್ಮ ಕಾಲಕ್ಕಿಂತ ಮೊದಲು, ಬಾಯಿಮಂಡಳಿ ಎಂಬುದೊಂದು ಹುಟ್ಟಿಕೊಂಡಿತು. ಅದರಲ್ಲಿದ್ದವರು ಒಳ್ಳೆಯವರೇ. ಹಲ್ಲು ಹುಳುಕಾಗಬಾರದು, ವಸಡು ಕೊಳೆಯಬಾರದು ಎಂಬುದಷ್ಟೇ ಅವರ ಆಸೆ. ಕೂಸು ಹುಟ್ಟಿದ ಕೂಡಲೇ ಬಾಯಿಗೆ ಒಂದು ಔಷಧಿಯ ಮಂಜು ಹಾಯಿಸಿ ಬ್ಯಾಕ್ಟೀರಿಯಾಗಳನ್ನೆಲ್ಲ ತೊಳೆದುಬಿಡುವ ಪದ್ಧತಿ ತಂದರು. ಅದನ್ನು ತೊಳೆತ ಅನ್ನುತ್ತೇವೆ. ಕುಡಿಯುವ ನೀರಿಗೂ ಅದೇ ಔಷಧಿ ಸೇರಿತು, ಇವತ್ತಿಗೂ ಹೋಗಿಲ್ಲ. ನಮ್ಮಲ್ಲಿ ಹೆಪ್ಪು ನಿಲ್ಲದಿರುವುದು ಇದಕ್ಕೇ. ನೂರು ವರ್ಷದ ಮುದುಕಿಗೂ ನಮ್ಮಲ್ಲಿ ಹಲ್ಲು ಮುತ್ತಿನ ಹಾಗೆ ಇರುತ್ತವೆ, ನಿಜ. ಆದರೆ ಆ ಔಷಧಿ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಯೀಸ್ಟಿಗೆ ಅದು ಏನೂ ಮಾಡುವುದಿಲ್ಲ. ಅಕ್ಕಪಕ್ಕದವರೆಲ್ಲ ಮನೆ ಖಾಲಿ ಮಾಡಿದ ಬೀದಿಯಲ್ಲಿ ಒಬ್ಬನೇ ಉಳಿದವನು ಹೇಗಿರುತ್ತಾನೋ ಹಾಗೆ ಯೀಸ್ಟು ನಮ್ಮ ಬಾಯಲ್ಲಿ ಉಳಿಯಿತು.

ಯೀಸ್ಟು ನಿಮ್ಮಲ್ಲೂ ಅನೇಕರ ಬಾಯಲ್ಲಿದೆ, ಗಾಬರಿಯಾಗಬೇಡಿ. ಕಣ್ಣಿಗೆ ಕಾಣದಷ್ಟು ಸಣ್ಣ ದುಂಡು ಜೀವ. ನಿಮ್ಮ ಬಾಯಿಯ ಬ್ಯಾಕ್ಟೀರಿಯಾಗಳ ಗದ್ದಲದಲ್ಲಿ ಜಾಗವೂ ಸಿಗದೆ, ಊಟವೂ ಸಿಗದೆ ಮೂಲೆಯಲ್ಲಿ ಕೂತಿರುತ್ತದೆ. ಅದಕ್ಕೆ ಹಲ್ಲಿಲ್ಲ, ಉಗುರಿಲ್ಲ. ಇರುವುದು ಕಿಣ್ವ. ಕಿಣ್ವವೆಂದರೆ ಜೀವಕೋಶ ತಯಾರಿಸುವ ಒಂದು ಬಗೆಯ ಪ್ರೋಟೀನು, ತಾನು ಖರ್ಚಾಗದೆ ಬೇರೆಯದನ್ನು ಒಡೆದು ಕರಗಿಸಿಕೊಡುವಂಥದು. ನಿಮ್ಮ ಹೊಟ್ಟೆಯಲ್ಲಿ ರೊಟ್ಟಿ ಕರಗುವುದೂ ಕಿಣ್ವದಿಂದಲೇ. ನಾವು ತುತ್ತನ್ನು ಒಳಗೆ ಕಳಿಸಿ ಕರಗಿಸುತ್ತೇವೆ. ಯೀಸ್ಟು ಕಿಣ್ವವನ್ನು ಹೊರಗೆ ಬಿಟ್ಟು, ಎದುರಿಗಿದ್ದುದನ್ನು ಅಲ್ಲೇ ಕರಗಿಸಿ, ಕರಗಿದ್ದನ್ನು ಹೀರಿಕೊಳ್ಳುತ್ತದೆ. ಎದುರಿಗಿರುವುದು ಅಂಬಲಿಯ ಚೂರಾದರೆ ಯಾರಿಗೂ ತೊಂದರೆಯಿಲ್ಲ. ಎದುರಿಗಿರುವುದು ನನ್ನ ಅಂಗುಳಾದರೆ ತೊಂದರೆ.

ಅದರ ಕಿಣ್ವಗಳಲ್ಲಿ ಎರಡು ಬಗೆಯವು ಮುಖ್ಯ. ಒಂದು ಬಗೆಯದು ಪ್ರೋಟೀನನ್ನು ಕತ್ತರಿಸುತ್ತದೆ. ಬಾಯಿಯ ಒಳಚರ್ಮದ ಮೇಲಿನ ಲೋಳೆಯನ್ನು, ಆ ಚರ್ಮದ ಕೋಶಗಳು ಒಂದನ್ನೊಂದು ಹಿಡಿದುಕೊಂಡಿರುವ ಬೆಸುಗೆಯನ್ನು, ಅಷ್ಟೇ ಅಲ್ಲ, ರೋಗವನ್ನು ತಡೆಯಲೆಂದು ಜೊಲ್ಲಿನಲ್ಲಿ ತೇಲುವ ಕಾವಲಿನ ಪ್ರೋಟೀನುಗಳನ್ನೂ ಅದು ತುಂಡರಿಸಿ ಹಾಕುತ್ತದೆ. ಮನೆಗೆ ನುಗ್ಗುವವನು ಬಾಗಿಲನ್ನೂ ಮುರಿದು ನಾಯಿಗೂ ಬಡಿದ ಹಾಗೆ. ಇನ್ನೊಂದು ಬಗೆಯದು ಕೊಬ್ಬನ್ನು ಒಡೆಯುತ್ತದೆ. ಪ್ರತಿ ಜೀವಕೋಶದ ಸುತ್ತ ಕೊಬ್ಬಿನ ತೆಳು ಪೊರೆಯಿದೆ, ಅದು ತೂತಾದರೆ ಕೋಶ ಸತ್ತ ಹಾಗೆಯೇ. ಇವೆರಡೂ ದಾರಿ ಮಾಡಿಕೊಟ್ಟ ಮೇಲೆ ದುಂಡಗಿದ್ದ ಯೀಸ್ಟು ಉದ್ದವಾಗಿ, ಎಳೆ ಎಳೆಯಾಗಿ ಬೆಳೆದು ಒಳಗೆ ಇಳಿಯುತ್ತದೆ. ಆಗ ಬಾಯಲ್ಲಿ ಕೆನೆಯಂಥ ಬಿಳಿ ಪದರ ಕಟ್ಟುತ್ತದೆ, ಕೆರೆದರೆ ಅಡಿಯಲ್ಲಿ ಹಸಿಗೆಂಪು, ನೀರು ಕುಡಿದರೂ ಉರಿ. ಪ್ರೋಟೀನು ಕತ್ತರಿಸುವ ಆ ಕಿಣ್ವಕ್ಕೆ ಹುಳಿ ಬಹಳ ಇಷ್ಟ, ಹುಳಿಯಿದ್ದಲ್ಲಿ ಚುರುಕಾಗಿ ಕೆಲಸ ಮಾಡುತ್ತದೆ. ಸಿಹಿ ತಿಂದ ಯೀಸ್ಟು ಹುಳಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ. ಜೊಲ್ಲು ಹರಿಯುವ ಕಡೆ ಆ ಹುಳಿ ತೊಳೆದುಹೋಗುತ್ತದೆ. ಜೊಲ್ಲು ತಲುಪದ ಜಾಗ, ಬೆಚ್ಚಗೆ, ಕತ್ತಲೆ, ಸಿಹಿ ಜಿನುಗುತ್ತಲೇ ಇರುವುದು, ಇಂಥ ಜಾಗ ಯಾವುದೆಂದು ನಿಮಗೆ ಈಗಾಗಲೇ ಹೊಳೆದಿರಬೇಕು. ಅಂಗುಳಪಟ್ಟಿಯ ಅಡಿ.

ಇದೆಲ್ಲ ನನಗೆ ಹೇಗೆ ಗೊತ್ತೆಂದರೆ, ನಾನು ಈ ಊರಿನ ಬಳೆಗಾರ್ತಿ. ಕೈಗೆ ಹಾಕುವ ಬಳೆಯಲ್ಲ. ಒಬ್ಬರ ಬಾಯಿಯ ಯೀಸ್ಟನ್ನು ತೆಗೆದು ತತ್ತಿಯ ಹಳದಿ ಬೆರೆಸಿದ ತಟ್ಟೆಯಲ್ಲಿ ಒಂದು ಚುಕ್ಕಿ ಇಟ್ಟರೆ, ಕೊಬ್ಬು ಒಡೆಯುವ ಕಿಣ್ವ ಹೊರಟಷ್ಟು ದೂರ ಆ ಚುಕ್ಕಿಯ ಸುತ್ತ ಬೆಳ್ಳಗೆ ಒಂದು ಉಂಗುರ ಮೂಡುತ್ತದೆ. ಹಾಲಿನ ತಟ್ಟೆಯಲ್ಲಿ ಇಟ್ಟರೆ, ಪ್ರೋಟೀನು ಕರಗಿದಷ್ಟು ದೂರ ಹಾಲು ತಿಳಿಯಾಗಿ ಇನ್ನೊಂದು ಉಂಗುರ. ಈ ಉಂಗುರಗಳಿಗೆ ನಮ್ಮಲ್ಲಿ ಬಳೆ ಅನ್ನುತ್ತಾರೆ. ಬಳೆ ಸಣ್ಣದಿದ್ದರೆ ಯೀಸ್ಟು ಸಾಧು, ಅಗಲವಿದ್ದರೆ ಪುಂಡ. ಹೆಣ್ಣು ಗಂಡು ನೋಡುವಾಗ ನೀವು ಜಾತಕ ಕೇಳಿದ ಹಾಗೆ ನಾವು ಬಳೆ ಕೇಳುತ್ತೇವೆ. ಅಗಲಬಳೆಯವಳು ಎಂಬುದು ನಮ್ಮಲ್ಲಿ ದೊಡ್ಡ ಬೈಗುಳ.

ಬಳೆ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ಬಾಯಿತುತ್ತಿಗೆ. ತೊಳೆತವಾದ ಕೂಸಿನ ಬಾಯಿ ಖಾಲಿ. ಖಾಲಿ ಬಿಟ್ಟರೆ ಎಲ್ಲಿಂದಲೋ ತೇಲಿಬಂದ ಪುಂಡ ಯೀಸ್ಟು ಬಂದು ಕೂರುತ್ತದೆ. ಹಾಗಾಗಿ ಮನೆಯವರಲ್ಲಿ, ಇಲ್ಲದಿದ್ದರೆ ಓಣಿಯವರಲ್ಲಿ, ಸಣ್ಣಬಳೆಯ ಒಬ್ಬರು ಆರಿಸಿ ಗಟ್ಟಿ ಮಾಡಿದ ಅಂಬಲಿಯ ಒಂದು ತುತ್ತನ್ನು ಅಗಿದು ಕೂಸಿನ ಬಾಯಿಗೆ ಇಡಬೇಕು, ತಮ್ಮ ಬಾಯಿಯ ಸಾಧು ಯೀಸ್ಟನ್ನು ದಾಟಿಸಬೇಕು. ಮೊದಲ ಹಲ್ಲು ವಸಡಿನಿಂದ ಹೊರಗೆ ಇಣುಕುವ ಮೊದಲೇ ಇದು ಆಗಬೇಕು. ತುತ್ತು ಕೊಟ್ಟವಳು ಆ ಕೂಸಿಗೆ ಬಾಯವ್ವ ಆಗುತ್ತಾಳೆ. ಕಿವಿಯಲ್ಲಿ ಹೆಸರು ಹೇಳುವವಳು ಬಾಯವ್ವ. ವರ್ಷ ತುಂಬುವವರೆಗೆ ಹೆತ್ತವಳ ಹಾಲು ಬಿಟ್ಟರೆ ಬೇರೆ ಏನೇ ಉಣ್ಣಿಸುವುದಿದ್ದರೂ ಅವಳೇ ಉಣ್ಣಿಸಬೇಕು. ಬೇರೆ ಯಾರ ಬಾಯಿ, ಯಾರ ಬೆರಳು ಕೂಸಿನ ತುಟಿಗೆ ತಾಗುವಂತಿಲ್ಲ. ಮುತ್ತು ಕೊಡುವಂತಿಲ್ಲ. ಹೆತ್ತ ತಾಯಿಯೂ ಹಣೆಯನ್ನಷ್ಟೇ ಮೂಸಬೇಕು. ನೀವು ವಿಡಿಯೊಗಳಲ್ಲಿ ಕೂಸಿನ ಕೆನ್ನೆ, ತುಟಿ, ಕೈ, ಕಾಲು ಎಲ್ಲ ಕಡೆ ಲೊಚಲೊಚ ಮುತ್ತಿಡುವುದನ್ನು ನೋಡುವಾಗ ನಮ್ಮ ಹೆಂಗಸರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಅಸಹ್ಯಕ್ಕೆ ಎಂದು ಹೇಳುತ್ತಾರೆ. ಅಸಹ್ಯ ಅಲ್ಲ ಅದು, ನನಗೆ ಗೊತ್ತು.

ನನ್ನ ಮಗಳು ಸಾವಂತ್ರಿಗೆ ಮದುವೆಯಾಗಿ ಬಹಳ ವರ್ಷದ ಮೇಲೆ ಈ ಬೇಸಿಗೆಗೆ ಮುಂಚೆ ಹೆಣ್ಣುಕೂಸು ಹುಟ್ಟಿತು. ನನ್ನ ಮೊದಲ ಮೊಮ್ಮಗಳು. ಇನ್ನೊಬ್ಬಳು ಬರುವ ಲಕ್ಷಣ ಇಲ್ಲ. ಬಂಗಾರೆವ್ವನಿಗೆ ಮೊಮ್ಮಕ್ಕಳು ಮನೆ ತುಂಬ ಇದ್ದಾರೆ. ತನ್ನ ಮೊಮ್ಮಕ್ಕಳಿಗಷ್ಟೇ ಅಲ್ಲ, ಓಣಿಯ ಇನ್ನೆಷ್ಟೋ ಮಕ್ಕಳಿಗೆ ಅವಳೇ ಬಾಯವ್ವ. ಹೊರಗೆ ಹೊರಟರೆ ಬಾಯವ್ವಾ ಬಾಯವ್ವಾ ಎಂದು ಹುಡುಗರ ಹಿಂಡೇ ಅವಳ ಸೆರಗು ಹಿಡಿಯುತ್ತದೆ. ನನ್ನನ್ನು ಹಾಗೆ ಕರೆಯುವ ಒಂದು ಕೂಸೂ ಇಲ್ಲ. ಈ ಒಂದು ಕೂಸಿನ ಬಾಯವ್ವ ನಾನಾಗಬೇಕು ಎಂದು ಸಾವಂತ್ರಿ ಬಸುರಿಯಾದ ದಿನವೇ ನಿಶ್ಚಯ ಮಾಡಿಕೊಂಡಿದ್ದೆ. ಮನೆಯವರು ಪದ್ಧತಿಯಂತೆ ಎಲ್ಲರ ಬಳೆ ನೋಡಿಸಿದರು. ನನ್ನ ತಟ್ಟೆಯನ್ನು ನಾನೇ ನೋಡುವಂತಿಲ್ಲವೆಂದು ಪಕ್ಕದೂರಿನ ಬಳೆಗಾರ್ತಿಯನ್ನು ಕರೆಸಿದರು. ಎಲ್ಲರಿಗಿಂತ ಸಣ್ಣ ಬಳೆ ಇಬ್ಬರದು, ಬಂಗಾರೆವ್ವನದು ಮತ್ತು ನನ್ನದು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಇರುವುದಾದರೂ ಹೇಗೆ? ನಮ್ಮಿಬ್ಬರಿಗೂ ತುತ್ತು ಕೊಟ್ಟವಳು ನಮ್ಮ ಹಡೆದವ್ವನೇ. ಯೀಸ್ಟು ಒಂದೇ. ಬಳೆ ಸಮವಿದ್ದರೆ ಹತ್ತಿರದ ರಕ್ತಕ್ಕೆ ಮೊದಲ ಹಕ್ಕು. ತುತ್ತು ನನ್ನದೇ ಎಂದಾಯಿತು. ಬಂಗಾರೆವ್ವ ನನ್ನ ಕೈ ಹಿಡಿದು, "ನೀನ ಕೊಡಬೇಕು ಅಂತ ಇತ್ತು ನನಗ ಅಕ್ಕಾ, ನನ್ನ ಜೀವಕ್ಕ ಸಮಾಧಾನ ಆತು," ಅಂದಳು. ಸುಳ್ಳು ಹೇಳುವುದೂ ಬರುವುದಿಲ್ಲ ಅವಳಿಗೆ, ನಿಜವಾಗಿಯೂ ಸಮಾಧಾನವಾಗಿತ್ತು. ಆ ಗೆಲುವಿನ ಸುಖವನ್ನೂ ಹಾಗೆ ಅರ್ಧ ಕಿತ್ತುಕೊಂಡಳು.

ನಮ್ಮವರು ಮಾಡುವ ತಪ್ಪು ಇಲ್ಲೇ ಇರುವುದು. ತಟ್ಟೆಯಲ್ಲಿ ಬಳೆ ನೋಡಿ ಬಾಯಿ ತಿಳಿಯಿತು ಅಂದುಕೊಳ್ಳುತ್ತಾರೆ. ತಟ್ಟೆ ಹೇಳುವುದು ಯೀಸ್ಟಿಗೆ ಎಷ್ಟು ಶಕ್ತಿಯಿದೆ ಎಂಬುದನ್ನು. ಆ ಶಕ್ತಿಯನ್ನು ಅದು ಬಳಸುತ್ತದೋ ಇಲ್ಲವೋ ಎಂಬುದು ಅದು ಇರುವ ಬಾಯಿಗೆ ಬಿಟ್ಟಿದ್ದು. ಅದೇ ಯೀಸ್ಟು ಬಂಗಾರೆವ್ವನ ಬಾಯಲ್ಲಿ ಹಸುವಿನಂತೆ ಬಿದ್ದುಕೊಂಡಿತ್ತು. ನನ್ನ ಬಾಯಲ್ಲಿ ಪಟ್ಟಿಯ ಅಡಿ, ಸಿಹಿ ತಿಂದು, ಹುಳಿ ಮಾಡಿಕೊಂಡು, ಕಿಣ್ವ ಬಿಟ್ಟು ನನ್ನ ಅಂಗುಳನ್ನು ಕತ್ತರಿಸುತ್ತಿತ್ತು. ಹಾಗೆ ಕೆರಳಿ ರಾಶಿಯಾಗಿ ಬೆಳೆದದ್ದು ಕೂಸಿನ ಬಾಯಿಗೆ ದಾಟಿದರೆ ಅಲ್ಲೂ ಅದೇ ಕೆಲಸ ಶುರುಮಾಡಬಹುದು. ಉರಿ ಶುರುವಾಗಿ ಎಷ್ಟೋ ಕಾಲವಾಗಿತ್ತು. ಕೆಂಪಾಗಿ ಊದಿದೆ, ಅಂಚಿಗೆ ಬಿಳಿ ಪದರ ಕಟ್ಟುತ್ತಿದೆ ಎಂಬುದು ನನಗೆ ಗೊತ್ತಿತ್ತು. ಬೇರೆ ಯಾರಿಗೂ ಕಾಣುವಂತಿರಲಿಲ್ಲ. ನಾವು ಎದುರುಬದುರಾದಾಗ ನಾಲಿಗೆ ತೋರಿಸಿ ನಮಸ್ಕಾರ ಮಾಡುತ್ತೇವೆ, ನಿಮ್ಮ ಕೈಮುಗಿಯುವಿಕೆ ಇದ್ದ ಹಾಗೆ. ನನ್ನ ನಾಲಿಗೆ ಶುಭ್ರ. ಪಟ್ಟಿ ತೆಗೆದು ಅಂಗುಳು ತೋರಿಸುವುದು ಮಾತ್ರ ಮೈಮೇಲಿನ ಬಟ್ಟೆ ತೆಗೆದಷ್ಟು ನಾಚಿಕೆಗೇಡು, ಅದನ್ನು ಯಾರೂ ಯಾರನ್ನೂ ಕೇಳುವುದಿಲ್ಲ.

ಪಟ್ಟಿಯನ್ನು ತೆಗೆದಿಟ್ಟು, ತಿಕ್ಕಿ ತೊಳೆದು, ಕೆಲವು ವಾರ ಬಾಯಿಗೆ ಬಿಡುವು ಕೊಟ್ಟರೆ ಅರ್ಧ ಉಪದ್ರವ ಇಳಿಯುತ್ತದೆ, ಉಳಿದದ್ದಕ್ಕೆ ವೈದ್ಯರ ಔಷಧಿ ಇದೆ. ಊರಿಗೆಲ್ಲ ಇದನ್ನು ಹೇಳುವವಳು ನಾನೇ. ಹಾಗಿದ್ದೂ ತೆಗೆಯಲಿಲ್ಲ. ಯಾಕೆ ಎಂದು ಕೇಳುತ್ತೀರಾ? ನಿಮ್ಮಿಂದ. ಅದನ್ನು ತೆಗೆದರೆ ನಿಮ್ಮ ರೊಟ್ಟಿ ಹೋಗುತ್ತದೆ, ಚಟ್ನಿ ಹೋಗುತ್ತದೆ, ಆ ನಗುವ ಹೆಂಗಸಿನ ಗಡಿಗೆಯ ಮೊಸರು ಹೋಗುತ್ತದೆ. ಮೊಸರಿನ ರುಚಿ ಹಾಕಿದ ಪಟ್ಟಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆನೆಂದು ನಿಮಗೆ ಗೊತ್ತಿಲ್ಲ. ನೀವು ಬಿಟ್ಟಿಯಾಗಿ ಉಂಡು, ಮಿಕ್ಕಿದ್ದನ್ನು ಚೆಲ್ಲಿ, ಬಾಯಿ ಮುಕ್ಕಳಿಸಿ ಎದ್ದುಹೋದಿರಿ. ನಾನು ಅದರ ನೆರಳಿಗಾಗಿ ಅಂಗುಳು ಸುಟ್ಟುಕೊಂಡೆ. ಇಷ್ಟಾದರೂ ತುತ್ತು ಕೊಡುವ ದಿನ ಒಂದು ಗಳಿಗೆ ಉರಿ ತಡೆದುಕೊಂಡರೆ ಸಾಕು ಎಂದು ಲೆಕ್ಕ ಹಾಕಿದ್ದೆ.

ಸಾವಂತ್ರಿ ನನ್ನ ಮಗಳು, ಅವಳಿಗೆ ಕಣ್ಣಿದೆ. ನಾನು ನೀರು ಕುಡಿಯುವಾಗ ಹುಬ್ಬು ಗಂಟಿಕ್ಕುವುದನ್ನು ಅವಳು ನೋಡಿದ್ದಳು. ಒಂದು ಬೆಳಗ್ಗೆ ಬಾಗಿಲು ಮುಚ್ಚಿ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನನ್ನ ಎದುರಿಗೆ ಕೂತು, "ಯವ್ವಾ, ಪಟ್ಟಿ ತಗಿ," ಅಂದಳು. ನಾನು ಕೂಸಿನ ಕಾಲು ಸವರುತ್ತ ಮಾತು ಮರೆಸಲು ನೋಡಿದೆ. "ನಾ ನಿನ್ನ ಹೊಟ್ಟ್ಯಾಗ ಹುಟ್ಟಿದಾಕಿ. ನನ್ನ ಮುಂದ ಎಂಥಾ ನಾಚಿಕಿ? ಒಮ್ಮೆ ತಗಿ, ನೋಡ್ತೇನಿ." ನನಗೆ ಸಿಟ್ಟು ನೆತ್ತಿಗೇರಿತು. ನಿನ್ನ ಚಿಗವ್ವ ಬಂಗಾರೆವ್ವ ಹೇಳಿಕೊಟ್ಟಳೇನು, ಅವಳ ಹಿಂಡಿಗೆ ಇದೊಂದು ಕಡಿಮೆಯಾಗಿತ್ತೇನು ಎಂದು ಬಾಯಿಗೆ ಬಂದಂತೆ ಅಂದೆ. ಬಳೆ ಸಮ ಬಂದಿದೆ, ಹಕ್ಕು ನನ್ನದು ಎಂದೂ ಅಂದೆ. ಅವಳು ಜಗಳಕ್ಕೆ ಬರಲಿಲ್ಲ. "ಚಿಗವ್ವಗ ಗೊತ್ತ ಇಲ್ಲ ಇದು. ನೀ ಪಟ್ಟಿ ತಗಿಯಂಗಿಲ್ಲ ಅಂದ್ರ ಬಿಡು, ನಿನ್ನ ಮಾತ ಖರೆ ಅಂತ ಕೂಸಿನ ಬಾಯಿ ನಿನ್ನ ಕೈಯಾಗ ಕೊಡ್ತೇನಿ," ಅಂದಳು. ಹಾಗೆಂದು ಕೂಸನ್ನು ಎತ್ತಿ ನನ್ನ ಮಡಿಲಲ್ಲಿ ಇಟ್ಟೇಬಿಟ್ಟಳು. ಕೂಸು ನನ್ನನ್ನು ನೋಡಿ ಬಾಯಿ ತೆರೆದು ನಕ್ಕಿತು. ಖಾಲಿ ಬಾಯಿ, ಎಳೆ ಗುಲಾಬಿ ಬಣ್ಣದ ಅಂಗುಳು, ಒಂದು ಗೀರೂ ಇಲ್ಲ. ನಾನು ಪಟ್ಟಿ ತೆಗೆದೆ.

ಅದು ಸುಲಭಕ್ಕೆ ಬರಲಿಲ್ಲ, ಅಂಟಿಕೊಂಡಿತ್ತು, ರಕ್ತ ಬಂತು. ಸಾವಂತ್ರಿ ನೋಡಿದಳು. ಸೆರಗಿನಿಂದ ನನ್ನ ತುಟಿ ಒರೆಸಿದಳು. ಆಮೇಲೆ ನಾನು ಮಾಡಬೇಕಾದ್ದನ್ನೆಲ್ಲ ಮಾಡಿದೆ. ಪಟ್ಟಿಯನ್ನು ಒಡೆದು ಹಾಕಿದೆ, ವೈದ್ಯರ ಔಷಧಿ ತಂದು ಬಾಯಲ್ಲಿ ಇಟ್ಟುಕೊಂಡೆ, ಬರಿಯ ಅಂಬಲಿ ಕುಡಿದೆ, ಕೆಂಪು ಇಳಿಯಿತೇ ಎಂದು ಕನ್ನಡಿ ಹಿಡಿದು ಹಿಡಿದು ನೋಡಿದೆ. ಇಳಿಯುತ್ತಿತ್ತು, ನಿಜವಾಗಿಯೂ ಇಳಿಯುತ್ತಿತ್ತು. ಇನ್ನು ಸ್ವಲ್ಪ ದಿನ ಸಿಕ್ಕಿದ್ದರೆ ಸಾಕಿತ್ತು. ಆದರೆ ಕೂಸಿನ ಕೆಳವಸಡಿನಲ್ಲಿ ಬೆಳ್ಳಗೆ ಒಂದು ಗೆರೆ ಕಾಣಿಸಿತು. ಹಲ್ಲು ಯಾರಿಗೂ ಕಾಯುವುದಿಲ್ಲ.

ತುತ್ತು ಬಂಗಾರೆವ್ವ ಕೊಟ್ಟಳು. ನಾನು ಕೂಸಿನ ತಲೆ ಹಿಡಿದುಕೊಂಡು ಕೂತಿದ್ದೆ, ಅಜ್ಜಿಗೆ ಅಷ್ಟು ಕೆಲಸ ಇರುತ್ತದೆ. ಅವಳು ಕಣ್ಣು ಮುಚ್ಚಿ ಅಗಿದಳು, ಎರಡು ಬೆರಳಲ್ಲಿ ತೆಗೆದಳು, ಕೂಸು ಅವಳ ಕಡೆಗೆ ಬಾಯಿ ತೆರೆಯಿತು. ಅಷ್ಟು ಬೇಗ ತೆರೆಯಬಾರದಿತ್ತು ಅದು, ಸ್ವಲ್ಪ ಅಳಬಹುದಿತ್ತು. ಆಮೇಲೆ ಬಂಗಾರೆವ್ವ ಬಗ್ಗಿ ಅದರ ಕಿವಿಯಲ್ಲಿ ಹೆಸರು ಹೇಳಿ, ಎಲ್ಲರಿಗೂ ಕೇಳುವಂತೆ ಇನ್ನೊಮ್ಮೆ ಹೇಳಿದಳು. ಹಂಪವ್ವ. ನನ್ನ ಹೆಸರನ್ನೇ ಇಟ್ಟಿದ್ದಳು. ನೆರೆದವರೆಲ್ಲ ಕಣ್ಣೊರೆಸಿಕೊಂಡರು, ಎಂಥ ತಂಗಿ ಎಂದರು. ನನ್ನ ಹೆಸರು ಕೂಡ ನನ್ನ ಮೊಮ್ಮಗಳಿಗೆ ಅವಳ ಬಾಯಿಂದಲೇ ಹೋಗಬೇಕಾಯಿತೇ? ಯಾರೋ ಬಂದು ಸಮಾಧಾನ ಹೇಳಿದರು. ನಿಮ್ಮಿಬ್ಬರ ಯೀಸ್ಟೂ ನಿಮ್ಮವ್ವನದೇ ಅಲ್ಲವೇ, ಯಾರು ಕೊಟ್ಟರೇನು, ಕೂಸಿಗೆ ಹೋಗಿದ್ದು ಒಂದೇ ಎಂದರು. ಶಾಸ್ತ್ರದ ಲೆಕ್ಕಕ್ಕೆ ಮಾತು ಸರಿ. ಕೂಸಿನ ತಟ್ಟೆ ನನ್ನ ಮೇಜಿಗೇ ಬಂತು, ಬಳೆ ಅಳೆದೆ, ನನ್ನದೇ ಬಳೆ. ಅದನ್ನು ನೋಡಿ ನನಗೆ ಸಮಾಧಾನವಾಯಿತೆಂದು ನೀವು ತಿಳಿದರೆ ನಿಮಗೆ ತಂಗಿಯರಿಲ್ಲ ಎಂದರ್ಥ.

ಬಂಗಾರೆವ್ವ ದಿನವೂ ಬರುತ್ತಾಳೆ, ಉಣ್ಣಾಕ ಬಾ ಹಂಪೀ ಎಂದು ಕೂಸನ್ನು ಕರೆಯುತ್ತಾಳೆ, ಒಂದು ಕ್ಷಣ ನಾನೇ ತಿರುಗಿ ನೋಡುತ್ತೇನೆ. ಪಟ್ಟಿಯನ್ನು ನಾನು ಮತ್ತೆ ಮಾಡಿಸಿಕೊಳ್ಳಲಿಲ್ಲ. ನನ್ನ ಅಂಗುಳು ಈಗ ಪೂರ್ತಿ ವಾಸಿಯಾಗಿದೆ, ಯಾರಿಗೆ ಬೇಕಾದರೂ ತೋರಿಸಬಹುದು. ಅದನ್ನು ಕೇಳುವವರೇ ಇಲ್ಲ.

ನಿಮಗೊಂದು ಎಚ್ಚರಿಕೆ ಹೇಳದೆ ಹೋದರೆ ಹಿಂದಂಚೆಯವರು ಕಾಗದ ತಗೊಳ್ಳುವುದಿಲ್ಲ, ಹಾಗಾಗಿ ಹೇಳುತ್ತೇನೆ. ಹಲ್ಲು ಉಜ್ಜಿ, ಬಾಯಿ ತೊಳೆಯಿರಿ, ಕಟ್ಟಿಸಿದ ಹಲ್ಲಿದ್ದರೆ ಮಲಗುವಾಗ ತೆಗೆದಿಡಿ, ಅದನ್ನೂ ತೊಳೆಯಿರಿ. ಆದರೆ ಬಾಯಿಯನ್ನು ಪೂರ್ತಿ ಖಾಲಿ ಮಾಡಿಕೊಡುತ್ತೇವೆ ಎಂದು ಒಳ್ಳೆಯ ಜನ ಒಂದು ದಿನ ನಿಮ್ಮ ಬಾಗಿಲಿಗೆ ಬರುತ್ತಾರೆ. ಖಾಲಿಯಾದ ಮೇಲೆ ಅಲ್ಲಿ ಯಾರಿರುತ್ತಾರೆ ಎಂದು ಅವರನ್ನು ಕೇಳಿ. ಎಚ್ಚರಿಕೆ ಮುಗಿಯಿತು. ಈಗ ನಾನು ಬರೆಯಲು ಕೂತ ವಿಷಯ.

ಮೊನ್ನೆ ಸಾವಂತ್ರಿ ಕೂಸನ್ನು ನನ್ನ ಮಡಿಲಲ್ಲಿ ಬಿಟ್ಟು ಬಟ್ಟೆ ಮಡಚುತ್ತಿದ್ದಳು. ನಾನು ಅದಕ್ಕೆ ಏನೋ ಹೇಳುತ್ತಿದ್ದೆ, ಬಾಯಿ ತೆರೆದಿತ್ತು. ಕೂಸು ಕೈ ಎತ್ತಿ ಬೆರಳುಗಳನ್ನು ನೇರ ನನ್ನ ಬಾಯೊಳಗೆ ಹಾಕಿತು. ನಾಲಿಗೆ ಹಿಡಿಯಲು ನೋಡಿತು, ಸಿಗಲಿಲ್ಲ, ಅಂಗುಳು ತಡವಿತು. ನನ್ನ ಬರಿಯ ಅಂಗುಳನ್ನು ಹಾಗೆ ಯಾರೂ ಮುಟ್ಟಿರಲಿಲ್ಲ. ಆಮೇಲೆ ಆ ಒದ್ದೆ ಬೆರಳುಗಳನ್ನು ತೆಗೆದು ತನ್ನ ಬಾಯಿಗೆ ಇಟ್ಟುಕೊಂಡು ಚಪ್ಪರಿಸಿತು. ನಾನು ತಡೆಯಬೇಕಿತ್ತು, ಬಳೆಗಾರ್ತಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ತಡೆಯಲಿಲ್ಲ. ಅದು ಇನ್ನೊಮ್ಮೆ ಕೈ ಚಾಚಿತು, ನಾನು ಇನ್ನೂ ದೊಡ್ಡದಾಗಿ ಬಾಯಿ ತೆರೆದೆ. ತಲೆ ಎತ್ತಿದರೆ ಸಾವಂತ್ರಿ ನೋಡುತ್ತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ ಗೊತ್ತಿಲ್ಲ. ಮೆಲ್ಲಗೆ ಮುಖ ಗೋಡೆಯ ಕಡೆ ತಿರುಗಿಸಿ, ಮಡಚಿದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಚತೊಡಗಿದಳು.

ಇದನ್ನು ಇಲ್ಲಿ ಯಾರಿಗೂ ಹೇಳುವಂತಿಲ್ಲ. ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಕೂಸನ್ನು ನನ್ನಿಂದ ದೂರ ಇಡುತ್ತಾರೆ. ಬಂಗಾರೆವ್ವನಿಗೂ ಹೇಳುವಂತಿಲ್ಲ, ಅದೇ ನನಗೆ ದೊಡ್ಡ ಸಂಕಟ. ಜೀವಮಾನದಲ್ಲಿ ಮೊದಲ ಸಲ ಅವಳು ನನ್ನನ್ನು ನೋಡಿ ಹೊಟ್ಟೆ ಉರಿದುಕೊಳ್ಳುವಂಥದ್ದು ನನ್ನ ಬಳಿ ಇದೆ, ಅವಳಿಗೆ ಅದು ಗೊತ್ತೇ ಇಲ್ಲ! ಅದಕ್ಕೇ ಇದ್ದ ಒಂದು ಕಾಗದವನ್ನು ನಿಮಗೆ ಬರೆದೆ. ನೀವು ಮಕ್ಕಳಿಗೆ ದಿನಕ್ಕೆ ನೂರು ಮುತ್ತು ಕೊಡುವವರು, ನಿಮಗಿದು ಏನೂ ಅಲ್ಲದಿರಬಹುದು. ಆದರೂ ಕೇಳುತ್ತಿದ್ದೇನೆ. ಇಷ್ಟು ವರ್ಷ ನಾನು ನಿಮ್ಮನ್ನು ಕಂಡು ಉರಿದುಕೊಂಡಿದ್ದೇನೆ. ಬಂಗಾರೆವ್ವನ ಬದಲು ನೀವಾದರೂ, ಒಂದೇ ಒಂದು ಸಲ, ನನ್ನನ್ನು ಕಂಡು ಹೊಟ್ಟೆಕಿಚ್ಚು ಪಡಿ.

ಇಂತಿ,
ಹಂಪವ್ವ